ರೊಟ್ಟಿಗೆ ಕರೆಯದಿದ್ದರೆ ಹೀಗೇ ಆಗುವುದು

ನನ್ನ ಬೆರಳುಗಳು ನನಗಿಂತ ತಡವಾಗಿ ಏಳುತ್ತವೆ. ನಾನು ಕಣ್ಣು ಬಿಟ್ಟು, ಫ್ಯಾನು ನೋಡಿ, ಗಂಡನ ಗೊರಕೆ ಕೇಳಿ, ಇವತ್ತು ಯಾವ ವಾರ ಎಂದು ನೆನಪು ಮಾಡಿಕೊಂಡು ಮುಗಿಸಿದರೂ ಅವು ಮುದುಡಿಕೊಂಡೇ ಬಿದ್ದಿರುತ್ತವೆ. ಬಲವಂತವಾಗಿ ಎಬ್ಬಿಸಲು ಹೋದರೆ ಸಿಟ್ಟಿಗೇಳುತ್ತವೆ. ಸಂಧಿವಾತ ಎಂದರು ಕೊಪ್ಪಳದ ಡಾಕ್ಟರು. "ಇದು ಹೋಗೂದಲ್ರಿ ಅಮ್ಮಾರ, ಇದರ ಜೋಡಿ ಹೊಂದ್ಕೊಂಡು ಹೋಗ್ಬೇಕು" ಎಂದರು. ಮದುವೆಯಾದ ಹೊಸದರಲ್ಲಿ ನಮ್ಮವ್ವನೂ ನನಗೆ ಇದೇ ಮಾತು ಹೇಳಿದ್ದಳು. ಅದರ ಅನುಭವ ಇದ್ದುದರಿಂದ ನಾನೇನೂ ಹೆದರಲಿಲ್ಲ.

ಹೊಂದಿಕೊಂಡ ಮೇಲೆ ಸುಖವೂ ಇದೆ. ಬಿಸಿ ಚಹಾದ ಲೋಟವನ್ನು ಎರಡೂ ಅಂಗೈಯಲ್ಲಿ ಅಪ್ಪಿ ಹಿಡಿದರೆ ಕುಡಿಯುವುದಕ್ಕಿಂತ ಹಿಡಿಯುವುದೇ ಹೆಚ್ಚು ರುಚಿ. ಕಟ್ಟೆಯ ಮೇಲೆ ಬಿಸಿಲು ಬಂದು ಕೂರುವ ಹೊತ್ತಿಗೆ ನಾನೂ ಹೋಗಿ ಅದರ ಪಕ್ಕ ಕೂರುತ್ತೇನೆ. ಜಡೆ ಹಾಕುವುದು ನನ್ನ ಗಂಡ ವೆಂಕಟೇಶ. ಅವರು ಲೈನ್‌ಮನ್, ತಂತಿ ಸುತ್ತಿ ರೂಢಿಯಾದ ಕೈ. ಅವರು ಹೆಣೆದ ಜಡೆಯಲ್ಲಿ ಸಂಜೆಯವರೆಗೂ ಒಂದು ಕೂದಲು ಅಲುಗಾಡುವುದಿಲ್ಲ. ಹುಬ್ಬು ಮಾತ್ರ ಮೇಲಕ್ಕೆ ಎಳೆದುಕೊಂಡು, ದಿನವಿಡೀ ಏನನ್ನೋ ಕಂಡು ಬೆರಗಾದವಳ ಹಾಗೆ ಕಾಣುತ್ತೇನೆ.

ಸಂಕಟವೆಲ್ಲ ಊರವರದ್ದು. ಕುಷ್ಟಗಿಯಲ್ಲಿ ಡಾಕ್ಟರ್ ಅಲ್ಲದವರು ಯಾರೂ ಇಲ್ಲ. ಒಬ್ಬರು ಬದನೆಕಾಯಿ ಬಿಡಿಸಿದರು, ಒಬ್ಬರು ಮೊಸರು ಬಿಡಿಸಿದರು, ಇನ್ನೊಬ್ಬರು ಬಂದು ಆಲೂಗಡ್ಡೆಯನ್ನೂ ಕಿತ್ತುಕೊಂಡರು. ಉಳಿದದ್ದು ಗಾಳಿ. ಅದೂ ತಂಪೆಂದು ಮತ್ತೊಬ್ಬರು ಕಿಟಕಿ ಮುಚ್ಚಿ ಹೋದರು. ಅವರು ಅತ್ತ ಹೋದ ಮೇಲೆ ನಾನು ಕಿಟಕಿ ತೆಗೆದು, ನಿನ್ನೆಯ ಎಣ್ಣೆಗಾಯಿ ಬಿಸಿ ಮಾಡಿಕೊಂಡು ತಿಂದೆ.

ಇಷ್ಟೆಲ್ಲ ಸಹಿಸಿದವಳು ಹುಲಿಗವ್ವನ ಮಗಳ ಲಗ್ನದ ರೊಟ್ಟಿಯ ವಿಷಯದಲ್ಲಿ ಮಾತ್ರ ಸೋತುಹೋದೆ.

ಹುಲಿಗವ್ವನದು ನಮ್ಮ ಎದುರು ಮನೆ. ನಮ್ಮ ಕಡೆ ಲಗ್ನವೆಂದರೆ ಮೊದಲು ರೊಟ್ಟಿ. ಹೆಣ್ಣಿನ ಮನೆಯವರು ಕುಂಕುಮದ ಬಟ್ಟಲು ಹಿಡಿದು ಓಣಿಯ ಮನೆಮನೆಗೂ ಬಂದು "ನಾಳಿ ರೊಟ್ಟಿಗೆ ಬರ್ರೀ" ಎಂದು ಕರೆಯಬೇಕು. ಮರುದಿನದಿಂದ ಎರಡು ದಿನ ಹೆಂಗಸರೆಲ್ಲ ಅವರ ಅಂಗಳದಲ್ಲಿ ಒಲೆ ಹೂಡಿ, ಸುತ್ತ ಕೂತು, ರಾಶಿ ರಾಶಿ ಜೋಳದ ರೊಟ್ಟಿ ಬಡಿಯಬೇಕು. ಬಡಿಯುವುದು ನೆಪ ಅನ್ನಿ. ಯಾರ ಸೊಸೆ ತವರಿಗೆ ಹೋಗಿ ಕೂತಿದ್ದಾಳೆ, ಯಾರ ಬೀಗರು ಕೊಟ್ಟ ಸೀರೆ ಒಂದೇ ಒಗೆತಕ್ಕೆ ಬಣ್ಣ ಬಿಟ್ಟಿತು, ಎಲ್ಲ ಅಲ್ಲೇ ಗೊತ್ತಾಗುವುದು. ಅಲ್ಲಿ ನಕ್ಕಷ್ಟು ನಾನು ಬೇರೆಲ್ಲೂ ನಕ್ಕಿಲ್ಲ.

ಕರೆಯುವ ಸಂಜೆ ನಾನು ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲೇ ಕೂತಿದ್ದೆ. ಹುಲಿಗವ್ವ ನಮ್ಮ ಎಡಮನೆಯವರನ್ನು ಕರೆದಳು. ನನ್ನ ಕಡೆ ನೋಡಿ "ಅರಾಮ ಅದೀರೇನ್ರಿ?" ಎಂದು ಜೇನಿನಂಥ ದನಿಯಲ್ಲಿ ಕೇಳಿದಳು. ಆಮೇಲೆ ನೇರವಾಗಿ ಬಲಮನೆಯ ಕಾಸೀಮಬೀಯ ಬಾಗಿಲಿಗೆ ಹೋಗಿ "ರೊಟ್ಟಿಗೆ ಬರ್ರೀ" ಎಂದಳು. ನಡುವೆ ನನ್ನ ಮನೆ ಇರಲೇ ಇಲ್ಲವೇನೋ ಎಂಬಂತೆ.

"ಪಾಪ, ನಿನಗ ತ್ರಾಸ ಆಗಬಾರದಂತ ಬಿಟ್ಟಿರಬೇಕು ಬಿಡು" ಎಂದರು ವೆಂಕಟೇಶ.

ನಾನು ಸೀರೆ ಬದಲಿಸಿ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟೆ. ಕೈ ನೋವು ನನಗೆ ಅಭ್ಯಾಸ. ಈ ನೋವು ಹೊಸದು. ಇವತ್ತು ರೊಟ್ಟಿಯಿಂದ ಬಿಟ್ಟವರು ನಾಳೆ ಬಸುರಿಯ ಕುಬಸದಿಂದ, ಕೂಸಿನ ತೊಟ್ಟಿಲಿನಿಂದ, ಆಮೇಲೆ ಹರಟೆಯಿಂದಲೂ ಬಿಡುತ್ತಾರೆ. ಬದುಕಿರುವಾಗಲೇ ಓಣಿಯಿಂದ ನನ್ನ ಹೆಸರು ತೆಗೆದುಹಾಕಿದಂತೆ ಅನಿಸಿ ಅಳು ಬಂತು.

ಮರುದಿನ ಎದುರು ಅಂಗಳದಲ್ಲಿ ಪಟಪಟ ಸದ್ದು ಶುರುವಾಯಿತು. ಅದರ ಹಿಂದೆ ನಗೆ. ನಾನು ಮಲಗಿದಲ್ಲಿಂದ ಏಳಲಿಲ್ಲ. ಮಾತಾಡಲಿಲ್ಲ. ವೆಂಕಟೇಶ ಉಪ್ಪಿಟ್ಟು ಮಾಡಿ ತಂದಿಟ್ಟರು, ತಿನ್ನಲಿಲ್ಲ. ಉಪ್ಪಿಟ್ಟಿನ ವಿಷಯದಲ್ಲಿ ಸಿಟ್ಟೊಂದೇ ಕಾರಣವಲ್ಲ, ಅದನ್ನು ನೋಡಿದ್ದರೆ ನಿಮಗೂ ತಿಳಿಯುತ್ತಿತ್ತು.

ಆ ಅಂಗಳದಲ್ಲಿ ಯಾರೋ ನನ್ನ ಹೆಸರು ತೆಗೆದು "ದುರ್ಗಾದೇವಿ ಯಾಕ ಬಂದಿಲ್ಲ?" ಎಂದು ಕೇಳಿದರಂತೆ. ಇನ್ಯಾರೋ "ಹಾಸಿಗಿ ಹಿಡಿದಾಳಂತ" ಎಂದರಂತೆ. ರೊಟ್ಟಿ ಬಡಿಯುತ್ತಿದ್ದವರಲ್ಲಿ ಅಳವಂಡಿಯಿಂದ ಬಂದ ಸೊಸೆಯೊಬ್ಬಳಿದ್ದಳು. ಅವಳು ತವರಿಗೆ ಫೋನ್ ಹಚ್ಚಿದಳು. ಅವಳ ತವರಿನ ಪಕ್ಕದ ಮನೆಯೇ ನನ್ನ ಚಿಕ್ಕಮ್ಮ ಹಂಪವ್ವನದು. ಹಂಪವ್ವ ಗಂಗಾವತಿಯಲ್ಲಿರುವ ನನ್ನ ನಾದಿನಿ ಲಲಿತಾಳಿಗೆ ಫೋನ್ ಮಾಡಿದಳು. ಲಲಿತಾ ಓದಿದವಳು. ಕೇಳಿದ್ದನ್ನು ಹಾಗೇ ನಂಬುವುದಿಲ್ಲ. ಖಾತ್ರಿ ಮಾಡಿಕೊಳ್ಳಲು ತನ್ನ ಅಣ್ಣನಿಗೇ ಫೋನ್ ಮಾಡಿದಳು.

ನನ್ನ ಗಂಡನಿಗೆ ಫೋನನ್ನು ಸ್ಪೀಕರಿಗೆ ಹಾಕಿ ಮಾತಾಡುವ ಚಾಳಿ. ಜೊತೆಗೆ ಸುಳ್ಳು ಹೇಳಲು ಬರುವುದಿಲ್ಲ.

"ಅಣ್ಣಾ, ವೈನಿ ಹ್ಯಾಂಗ ಅದಾರ?"

"ಮಲಗ್ಯಾಳ."

"ಮಾತಾಡ್ತಾರೇನು?"

"ಇಲ್ಲವಾ. ನಿನ್ನಿಯಿಂದ ಒಂದ್ ಮಾತಿಲ್ಲ."

"ಊಟ?"

"ನೀರೂ ಮುಟ್ಟವಲ್ಲಳು."

"ಗುರುತರೆ ಹಿಡೀತಾರೇನು?"

"ನನ್ನ ಮಾರಿನೂ ನೋಡವಲ್ಲಳು ನೋಡು."

ಆ ಕಡೆಯಿಂದ "ಅಯ್ಯೋ ಶಿವನೇ" ಎಂದು ಕೇಳಿ ಫೋನ್ ಕಟ್ಟಾಯಿತು. ನಾನು ಎದ್ದು "ಏ ಲಲಿತಾ, ನನಗೇನೂ ಆಗಿಲ್ಲ" ಎಂದು ಕೂಗಬಹುದಿತ್ತು. ಆದರೆ ಮಧ್ಯದಲ್ಲಿ ಬಾಯಿ ಬಿಟ್ಟರೆ ಸಿಟ್ಟಿನ ಮರ್ಯಾದೆ ಏನಾಗಬೇಕು? ಒಬ್ಬರಾದರೂ ನನಗಾಗಿ ಚಿಂತೆ ಮಾಡಲಿ ಎಂದು ಮಗ್ಗಲು ಬದಲಿಸಿದೆ.

ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಹೊರಟ ವೆಂಕಟೇಶ ಒಂದು ಪೊಟ್ಟಣವನ್ನು ಮೇಜಿನ ಮೇಲೆ ಇಟ್ಟು, ಕಳ್ಳನಂತೆ ಹೋದರು. ಮಿರ್ಚಿ ಭಜಿಯ ವಾಸನೆ. ಬಸ್ ಸ್ಟ್ಯಾಂಡಿನ ಜಿಲಾನಿಯ ಬಂಡಿಯದ್ದು. ನನ್ನ ಸಿಟ್ಟು ಬಹಳ ಗಟ್ಟಿ, ಆದರೆ ಅದಕ್ಕೂ ಹಸಿವಾಗುತ್ತದೆ. ಅವರ ಬೈಕಿನ ಸದ್ದು ಓಣಿ ದಾಟುವುದನ್ನೇ ಕಾದು, ಎದ್ದು, ಹಲ್ಲಿನಿಂದ ದಾರ ಬಿಚ್ಚಿದೆ. ಒಂದು ಮಿರ್ಚಿ, ಒಂದು ಮುಷ್ಟಿ ಮಂಡಕ್ಕಿ. ಕಣ್ಣಲ್ಲಿ ನೀರು ಬಂತು. ಖಾರದ್ದೇ.

ಎರಡನೆಯದು ಬಾಯಲ್ಲಿದ್ದಾಗ ಓಣಿಯ ತುದಿಯಲ್ಲಿ ಟೆಂಪೋ ನಿಂತಿತು. ಕೂಡಲೇ ಅಳು ಕೇಳಿಸಿತು. ಸಾಧಾರಣ ಅಳುವಲ್ಲ, ಹೆಸರು ಹಿಡಿದು ಹಾಡಿ ಹಾಡಿ ಅಳುವುದು. "ನನ ಬಂಗಾರದಂಥ ದುರ್ಗವ್ವಾ, ನಮ್ಮನ್ನ ಬಿಟ್ಟು ಎಲ್ಲಿ ಹೊಂಟೀಯೇ!" ಹಂಪವ್ವ ಚಿಕ್ಕಮ್ಮನ ಗಂಟಲು ನನಗೆ ಗೊತ್ತು. ದನಿಯೊಂದಿಗೆ ಕಾಲುಗಳೂ ಹತ್ತಿರ ಬಂದವು. ಬಾಗಿಲು ದೂಡಿಕೊಂಡು ಅವಳು ಒಳಗೆ ನುಗ್ಗಿದಳು, ಹಿಂದೆ ಲಲಿತಾ, ಅವಳ ಹಿಂದೆ ವೆಂಕಟೇಶರ ದೊಡ್ಡಪ್ಪ ಮುದಿಯಪ್ಪ ಮತ್ತು ಒಂದು ಟೆಂಪೋ ತುಂಬ ಬಂಧುಗಳು.

ಚಿಕ್ಕಮ್ಮ ಎದೆ ಬಡಿದುಕೊಳ್ಳಲು ಎತ್ತಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿದಳು. "ಮತ್ತ ಇದೇನು?"

"ಮಿರ್ಚಿ" ಎಂದೆ.

"ನಿನಗೇನೂ ಆಗಿಲ್ಲೇನು?"

"ಇಲ್ಲ ಚಿಗವ್ವ."

"ನಾ ಎಮ್ಮಿ ಹಿಂಡಲಾರದ ಬಂದೀನಿ!" ಅವಳಿಗೆ ನಿಜವಾಗಿ ಸಿಟ್ಟು ಬಂದಿತ್ತು. ಲಲಿತಾ ಹನುಮನಹಳ್ಳಿಯ ದಾರಿಯಾಗಿ ಬಳಸಿ ಹೋಗಿ ಅಂಜನಾದ್ರಿ ಬೆಟ್ಟದ ಗುಡಿಯ ಕುಂಕುಮ ತಂದಿದ್ದಳು. ಅದನ್ನು ನನ್ನ ಹಣೆಗೆ ಹಚ್ಚಬೇಕೋ ಬೇಡವೋ ತಿಳಿಯದೆ ಹಿಡಿದುಕೊಂಡು ನಿಂತಳು. ಅಷ್ಟು ದೂರದಿಂದ ಬಂದವರಿಗೆ ಅಳಲೂ ಏನೂ ಉಳಿದಿಲ್ಲ, ಉಣ್ಣಲೂ ಮನೆಯಲ್ಲಿ ಏನೂ ಇಲ್ಲ. ಮುದಿಯಪ್ಪ ಉಳಿದ ಮಿರ್ಚಿಗಳ ಕಡೆ ನೋಡಿ, "ಬದುಕಿದ್ದು ಛಲೋನ ಆತು ಬಿಡ್ರಿ" ಎಂದು ಒಂದನ್ನು ಕೈಗೆತ್ತಿಕೊಂಡರು.

ಆಗ ನನಗೆ ಏನೋ ಕೊರತೆ ಎನಿಸಿತು. ಕಿವಿಗೊಟ್ಟೆ. ಎದುರಿನ ಪಟಪಟ ನಿಂತುಹೋಗಿತ್ತು.

ಕಿಟಕಿಯಿಂದ ನೋಡಿದೆ. ಹುಲಿಗವ್ವನ ಅಂಗಳದಲ್ಲಿ ಹೆಂಗಸರು ಒಲೆಯ ಕೊಳ್ಳಿಗಳನ್ನು ಹಿರಿದು ನೀರು ಹೊಡೆಯುತ್ತಿದ್ದರು. ಹಂಚುಗಳು ಬೋರಲಾಗಿದ್ದವು. ಹುಲಿಗವ್ವ ಮೆಟ್ಟಿಲ ಮೇಲೆ ತಲೆಗೆ ಕೈ ಹೊತ್ತು ಕೂತಿದ್ದಳು. ನಮ್ಮ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಹೆಣ ಎತ್ತುವವರೆಗೆ ಯಾರ ಮನೆಯ ಒಲೆಯೂ ಉರಿಯಬಾರದು, ಶುಭಕಾರ್ಯವಂತೂ ಎದುರು ಮನೆಯಲ್ಲಿ ನಡೆಯಲೇಬಾರದು. ಆದರೆ ಸತ್ತವರು ಯಾರು ಎಂದು ಒಂದು ಗಳಿಗೆ ಯೋಚಿಸಿದೆ. ಸತ್ತವಳು ನಾನೇ.

ಸುಳ್ಳು ಯಾಕೆ, ಮೊದಲು ಖುಷಿಯಾಯಿತು. ಕರೆಯದೆ ಬಿಟ್ಟವರು ಅನುಭವಿಸಲಿ ಎಂದುಕೊಂಡೆ. ಆಮೇಲೆ ಹುಲಿಗವ್ವ ಕಾಸೀಮಬೀಗೆ ಹೇಳುವುದು ಕೇಳಿಸಿತು. "ನಾಳಿ ಬೀಗರು ಬರ್ತಾರ. ಏನಂತ ಹೇಳ್ಲಿ? ಪಾಪ, ಆಕಿ ಬಾಗಲಾಗ ಒಳ್ಳೆ ಸೀರಿ ಉಟ್ಕೊಂಡು ಕುಂತಿದ್ಳು. ನಾ ನೋಡಿನೂ ಮುಂದ ಹೋದೆ." ಹೇಳುತ್ತ ಹೇಳುತ್ತ ಅತ್ತೇಬಿಟ್ಟಳು.

ನನಗೆ ತಡೆಯಲಾಗಲಿಲ್ಲ. ಚಪ್ಪಲಿಯ ಉಸಾಬರಿಗೆ ಹೋಗದೆ ಬರಿಗಾಲಲ್ಲಿ ಓಣಿ ದಾಟಿದೆ. ನನ್ನ ಹಿಂದೆ ಕಣ್ಣು ಊದಿದ ಬಂಧುಗಳ ಸಾಲು. ಮೊನ್ನೆ ಎಳೆದು ಕಟ್ಟಿದ ಜಡೆಯಿಂದ ನನ್ನ ಹುಬ್ಬು ಬೇರೆ ಇನ್ನೂ ಮೇಲೇ ಇತ್ತು. ನೋಡಿದವರಿಗೆ ಹೇಗೆ ಕಂಡೆನೋ, ಅಳವಂಡಿಯ ಸೊಸೆ ಚಿಟ್ಟನೆ ಚೀರಿ ಹಿಟ್ಟಿನ ಚೀಲದ ಮೇಲೆ ಕೂತುಬಿಟ್ಟಳು. ಕಾಸೀಮಬೀ "ಯಾ ಅಲ್ಲಾ" ಎಂದು ಎದೆಗೆ ಕೈ ಇಟ್ಟಳು.

ಹುಲಿಗವ್ವ ಓಡಿ ಬಂದು ನನ್ನ ಭುಜ, ಕೆನ್ನೆ, ಮೂಗು ಎಲ್ಲ ಮುಟ್ಟಿ ನೋಡಿದಳು. "ದುರ್ಗವ್ವಾ! ನೀ ಬದುಕಿದ್ದು ಭಾಳ ಛಲೋ ಆತು ನೋಡು. ನನ್ನ ಮಗಳ ಲಗ್ನ ಉಳೀತು!"

"ರೊಟ್ಟಿಗೆ ಯಾಕ ಕರೀಲಿಲ್ಲ?" ಎಂದೆ.

"ನಿನಗ ತ್ರಾಸ ಆಗಬಾರದಂತ..."

"ರೊಟ್ಟಿ ಬಡಿದ್ರ ಕೈಗಷ್ಟ ತ್ರಾಸ. ಒಳಗ ಒಬ್ಬಾಕಿನ ಬಿದ್ಕೊಂಡು ನಿಮ್ಮ ನಗಿ ಕೇಳೂದು ಭಾಳ ತ್ರಾಸ ಹುಲಿಗವ್ವ." ಜೋರಾಗಿ ಬೈಯಬೇಕೆಂದೇ ಬಂದಿದ್ದೆ. ನಡುವೆ ಮೂಗು ಒರೆಸಿಕೊಳ್ಳಬೇಕಾಗಿ ಬಂದು ಎಲ್ಲ ಕೆಟ್ಟಿತು.

ಅವಳು ಒಳಗೆ ಹೋದಳು. ಕುಂಕುಮದ ಬಟ್ಟಲು ತಂದು, ಅಷ್ಟು ಜನರ ಎದುರು ನನ್ನ ಹಣೆಗೆ ಹಚ್ಚಿ, "ರೊಟ್ಟಿಗೆ ಬಾರವಾ" ಎಂದಳು.

ಒಲೆಗಳು ಮತ್ತೆ ಹೊತ್ತಿದವು. ಒದ್ದೆ ಕಟ್ಟಿಗೆಯ ಹೊಗೆಯಲ್ಲಿ ಎಲ್ಲರೂ ಅಳುತ್ತಿದ್ದರು, ಈಗ ಯಾರಿಗೂ ದುಃಖವಿರಲಿಲ್ಲ. ಕಳೆದ ಹೊತ್ತು ತುಂಬಬೇಕಲ್ಲ, ನನ್ನ ಟೆಂಪೋ ಜನರನ್ನೂ ಕೂರಿಸಿದೆವು. ಎಮ್ಮೆಯ ಸಿಟ್ಟನ್ನೆಲ್ಲ ಚಿಕ್ಕಮ್ಮ ಹಿಟ್ಟಿನ ಮೇಲೆ ತೀರಿಸಿಕೊಂಡಳು, ಹಾಗಾಗಿ ಅವಳ ರೊಟ್ಟಿ ಎಲ್ಲರಿಗಿಂತ ತೆಳುವಾಗಿ ಬಂತು. ಲಲಿತಾ ಭತ್ತ ಬೆಳೆಯುವ ಗಂಗಾವತಿಯ ಅನ್ನಕ್ಕೆ ಒಗ್ಗಿದವಳು, ರೊಟ್ಟಿ ಬಡಿಯುವ ರೂಢಿ ಇಲ್ಲ. ಅವಳು ಮೆಲ್ಲಗೆ "ಲಟ್ಟಣಗಿ ಐತೇನ್ರಿ?" ಎಂದು ಕೇಳಿದಳು.

ಅಂಗಳದ ತಲೆಗಳೆಲ್ಲ ಒಮ್ಮೆಲೇ ಅವಳ ಕಡೆ ತಿರುಗಿದವು. ನಾನು ಸತ್ತ ಸುದ್ದಿಗೂ ಇಷ್ಟು ಗಾಬರಿಯಾಗಿರಲಿಕ್ಕಿಲ್ಲ.

"ಲಗ್ನದ ರೊಟ್ಟಿ ಲಟ್ಟಿಸ್ತಾರೇನವಾ?" ಎಂದು ಕಾಸೀಮಬೀ ಅವಳನ್ನು ಎಬ್ಬಿಸಿ ನೀರು ತರಲು ಕಳಿಸಿದಳು. ಆಮೇಲೆ ನನ್ನ ಕಡೆ ತಿರುಗಿ ತನ್ನ ಹಂಚಿನ ಪಕ್ಕ ಜಾಗ ತೋರಿಸಿದಳು. ಹಂಚಿಗೆ ಹಾಕಿದ ರೊಟ್ಟಿಯ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು, ಅದು ನನ್ನ ಕೆಲಸ. ಬಟ್ಟೆ ಹಿಡಿಯಲು ಬೆರಳು ಬೇಕಿಲ್ಲ, ಅಂಗೈ ಸಾಕು.

ಸವರುತ್ತ ಕೂತೆ. ಎಡಮನೆಯವರ ಬೀಗರ ಸೀರೆಯ ಕತೆ ಶುರುವಾಗಿತ್ತು. ಎಷ್ಟು ದಿನದ ಮೇಲೆ ಇಂಥ ಕತೆ! ಸೀರೆ ಬಣ್ಣ ಬಿಟ್ಟಿತು, ಬೀಗಿತ್ತಿ ಏನಂದಳು ಎಂದು ಬಾಯಿ ತೆರೆದು ಕೇಳುತ್ತಿದ್ದೆ.

"ಏ ದುರ್ಗವ್ವಾ!" ಕಾಸೀಮಬೀಯ ದನಿ ತಲೆಯ ಮೇಲೆ ಬಿತ್ತು. "ಕಣ್ಣೆಲ್ಲಿ ಇಟ್ಟೀದಿ? ರೊಟ್ಟಿ ಹೊತ್ತಿ ಕರ್ರಗಾತು! ಮಾತ ಕೇಳಾಕ ಬಂದೀಯೋ, ಕೆಲಸ ಮಾಡಾಕ ಬಂದೀಯೋ?"

ಸುತ್ತಲಿನ ಕೈಗಳು ನಿಂತವು. ಹುಲಿಗವ್ವ "ಪಾಪ, ಆಕಿಗೆ..." ಎಂದು ಬಾಯಿ ತೆರೆದಳು.

ಕಾಯಿಲೆ ಬಿದ್ದಂದಿನಿಂದ ಈ ಓಣಿಯಲ್ಲಿ ಯಾರೂ ನನ್ನನ್ನು ಬೈದಿರಲಿಲ್ಲ. ನನ್ನ ಮುಖ ಅರಳಿದ್ದು ನನಗೇ ತಿಳಿಯಿತು.

"ಪಾಪ ಗೀಪ ಅನಬ್ಯಾಡ" ಎಂದು ಹುಲಿಗವ್ವನಿಗೆ ಹೇಳಿ, ಕಾಸೀಮಬೀಯ ಕಡೆ ತಿರುಗಿದೆ. "ನೀ ಬೆಂಕಿ ಅಷ್ಟ್ ಜೋರ್ ಮಾಡಿದ್ರ ರೊಟ್ಟಿ ಹೊತ್ತಲಾರದ ಏನ್ ಮಾಡ್ತೈತಿ?"

"ನನಗ ಬೆಂಕಿ ಮಾಡೂದು ಕಲಿಸ್ತೀಯೇನ?" ಎಂದು ಅವಳು ಮತ್ತೊಂದು ಸುತ್ತು ಬೈದು, ಮುಂದಿನ ರೊಟ್ಟಿಯನ್ನು ಹಂಚಿಗೆ ಹಾಕಿದಳು. ನಾನು ಲಗುಬಗೆಯಿಂದ ನೀರು ಸವರಿದೆ.