ಲಿಂಗ ಕಟ್ಟಿದವರ ಸಾಲು

“ಏ ಕರಿಮೆಣಸು, ಏಳೇ ಮೇಲೆ. ಯಾರನ್ನ ಕೇಳಿ ಕೂತೆ ಇಲ್ಲಿ?”

ತೋಟದ ಲೆಕ್ಕ ಬರೆಯುವ ರೈಟರ್ ಶಶಿಕಿರಣ್ ಪಲ್ಯದ ಸೌಟಿನಿಂದಲೇ ಬಾಗಿಲು ತೋರಿಸಿದ. ಫುಲ್ಮನಿಯ ಎಲೆಗೆ ಆಗಲೇ ಉಪ್ಪು, ಕೋಸಂಬರಿ ಬಿದ್ದಿತ್ತು. ಅವಳು ಎಲೆಯ ತುದಿ ಒತ್ತಿ ಹಿಡಿದಳು.

“ಅಮ್ಮಾವ್ರೇ ಹೇಳಿದ್ದು, ರೈಟ್ರೇ. ಲಿಂಗ ಕಟ್ಟಿದೋರಿಗೆಲ್ಲ ಒಂದೇ ಸಾಲು ಅಂತ.”

“ಹೇಳ್ತಾರೆ ಮಾರಾಯ್ತಿ. ಹೇಳಿದ್ದಕ್ಕೆಲ್ಲ ಬಂದು ಕೂತ್ಬಿಡೋದಾ? ಸಾವ್ಕಾರ್ರ ಬೀಗರು ಬಂದಿದಾರೆ ಚಿಕ್ಕಮಗಳೂರಿಂದ. ನಿನ್ನ ಮುಸುಡಿ ನೋಡ್ಕೊಂಡು ಉಣ್ಬೇಕಾ ಅವ್ರು? ಜಗಲೀಲಿ ನಿಮ್ಮೋರ ಜೊತೆ ಕೂತು ಸಾಯಿ, ಹೋಗು.”

ಜಗಲಿಯಲ್ಲಿ ಕೂಲಿ ಲೈನಿನ ಮನೆಗಳ ಹುಡುಗ ಹುಡುಗಿಯರೆಲ್ಲ ಪೇಪರ್ ತಟ್ಟೆ ಹಿಡಿದು ಕುಕ್ಕುರುಗಾಲಲ್ಲಿ ಕೂತಿದ್ದರು. ಅಸ್ಸಾಮಿನ ಚಹಾ ತೋಟದಿಂದ ಅಪ್ಪ ಅಮ್ಮನ ಬೆನ್ನು ಹತ್ತಿ ಬಾಳೂರು ಕಡೆಯ ಈ ಕಾಫಿ ತೋಟಕ್ಕೆ ಬಂದಾಗ ಫುಲ್ಮನಿಗೆ ಹಾಲುಹಲ್ಲು ಬೀಳುವ ವಯಸ್ಸು. ಈಗ ಅವಳ ಬಾಯಿಗೆ ಮೊದಲು ಬರುವುದು ಇಲ್ಲಿನ ಕನ್ನಡವೇ, ಬೈಗುಳ ಸಮೇತ. ಆದರೂ ಕಳಸದ ಸಂತೆಯಲ್ಲಿ ಅವಳು ಬಾಂಗ್ಲಾದವಳು, ಜೀಪು ಹತ್ತಿದರೆ, “ದೂರ ಕೂರೇ, ಮಸಿ ಹತ್ತುತ್ತೆ.” ಅಂಥವಳನ್ನು ಸಾಹುಕಾರ ಏಕಾಂತಪ್ಪನವರ ಹೆಂಡತಿ ವಿಶಾಲಾಕ್ಷಮ್ಮ ತೋಟದ ಈ ಪ್ರಾರ್ಥನಾ ಮಂದಿರಕ್ಕೆ ಕರೆದು, ಹಣೆಗೆ ವಿಭೂತಿ ಹಚ್ಚಿ, ಕೊರಳಿಗೆ ಲಿಂಗ ಕಟ್ಟಿಸಿದ್ದರು. ಇನ್ನು ನೀನು ನಮ್ಮೋಳು ಕಣೆ, ಅಂದಿದ್ದರು. ಅವತ್ತಿನಿಂದ ಲಿಂಗಪೂಜೆ ಮಾಡದೆ ಫುಲ್ಮನಿ ಗಂಜಿ ಮುಟ್ಟಿದವಳಲ್ಲ. ಅಪ್ಪ ನಗಾಡಿದರೂ ಬಿಟ್ಟಿರಲಿಲ್ಲ.

ವಿಶಾಲಾಕ್ಷಮ್ಮ ಸಾಲು ದಾಟಿ ಬಂದು ಅವಳ ಕಿವಿಯ ಹತ್ತಿರ ಬಗ್ಗಿದರು.

“ಪುಟ್ಟೀ, ಇವತ್ತೊಂದಿನ ಜಗಲೀಲಿ ಉಣ್ಣು. ಬೀಗಿತ್ತಿ ಆಗ್ಲೇ ಕೇಳಿದ್ರು, ಈ ಕರೀ ಹುಡುಗಿ ಯಾರು ಅಂತ. ನಾನೇನು ಹೇಳ್ಲಿ?”

“ನಮ್ಮೋಳು ಅನ್ನಿ, ಅಮ್ಮಾವ್ರೇ.”

ವಿಶಾಲಾಕ್ಷಮ್ಮ ಸೆರಗು ಎಳೆದುಕೊಂಡು ಗಂಡನ ಕಡೆ ತಿರುಗಿದರು.

“ನಾಲ್ಗೆ ಉದ್ದ ಆಯ್ತು ಇದ್ಕೆ.” ಸಾಲಿನ ತಲೆಯಿಂದ ಏಕಾಂತಪ್ಪ ಗದರಿದರು. “ಲಿಂಗ ಕಟ್ಟಿದ ತಕ್ಷಣ ಬಣ್ಣ ಬದ್ಲಾಗ್ತದಾ? ಎಳ್ದು ಹಾಕೋ ಆ ಬೋಸುಡಿನ.”

ಶಶಿಕಿರಣ್ ಪಲ್ಯದ ಬಕೆಟ್ಟು ಕೆಳಗಿಟ್ಟು, ಅಂಗಿ ತೋಳು ಮಡಚಿ ಅವಳ ಕಡೆ ಕೈ ಚಾಚಿದ.

ಫುಲ್ಮನಿ ಕೊರಳ ಬಟ್ಟೆಗಂಟು ಬಿಚ್ಚಿದಳು. ಲಿಂಗ ತೆಗೆದು ಎಡ ಅಂಗೈ ಮೇಲಿಟ್ಟುಕೊಂಡಳು.

“ಇದೂ ಕರ್ಗೇ ಇದೆ, ಸಾವ್ಕಾರ್ರೇ. ಇದ್ನೂ ಜಗಲಿಗೆ ಹಾಕ್ತೀರಾ?”

ಅಷ್ಟಂದು ಪೂಜೆಗೆ ಕೂತು ದೃಷ್ಟಿಯನ್ನು ಅದರಲ್ಲಿ ನೆಟ್ಟಳು.

ಶಶಿಕಿರಣನ ಕೈ ಚಾಚಿದಲ್ಲೇ ನಿಂತಿತು. ಅಂಗೈಯಲ್ಲಿ ಲಿಂಗ ಹಿಡಿದು ಕೂತವರನ್ನು ಮುಟ್ಟಿ ಎಬ್ಬಿಸುವ ಧೈರ್ಯ ಆ ಮಂದಿರದಲ್ಲಿ ಯಾರಿಗೂ ಇಲ್ಲ. ಸಾಲಿನಲ್ಲಿ ಒಬ್ಬರ ಪೂಜೆ ಉಳಿದಿದ್ದರೂ ಮಿಕ್ಕವರು ತುತ್ತು ಎತ್ತುವಂತಿಲ್ಲ. ಆ ನಡಾವಳಿ ಹಾಕಿದವರು ಏಕಾಂತಪ್ಪನವರ ಅಪ್ಪ.

ಅನ್ನ ಬಂತು, ಸಾರು ಬಂತು, ಪಾಯಸವೂ ಬಂತು. ಬೀಗರು ಎಲೆಗೆ ಕೈ ಹಾಕಲು ಹೋಗಿ, ಅಕ್ಕಪಕ್ಕ ನೋಡಿ, ಕೈಯನ್ನು ತೊಡೆಯ ಮೇಲಿಟ್ಟುಕೊಂಡರು.

“ಎಷ್ಟೊತ್ತು ಮಾಡ್ತೀಯೆ?” ಏಕಾಂತಪ್ಪನವರ ದನಿ ಈ ಸಲ ತಗ್ಗಿತ್ತು.

ಅವಳಿಗೆ ಕೇಳಿಸಿತು. ಬೆಳಗಿನಿಂದ ಕಾಫಿ ಹಣ್ಣು ಕುಯ್ದ ಮೈ, ಹೊಟ್ಟೆ ಹಸಿದು ಸುಡುತ್ತಿತ್ತು. ಎಡಗೈ ಸೋತಾಗ ಬಲಗೈ ಆಸರೆ ಕೊಟ್ಟಳು. ಮೊದಮೊದಲು ಅಂಗೈಯಲ್ಲಿ ಬರೀ ಸಿಟ್ಟೇ ಕಾಣುತ್ತಿತ್ತು. ಆಮೇಲೆ ಲಿಂಗ ಕಂಡಿತು.

ಜಗಲಿಯವರೂ ತಿನ್ನುವುದು ನಿಲ್ಲಿಸಿದ್ದರು. ಬೀಗಿತ್ತಿಯ ಎಲೆಯಲ್ಲಿ ಪಾಯಸ ಹರಿದು ಸಾರಿಗೆ ಸೇರಿತು. ಫುಲ್ಮನಿ ಕಣ್ಣೆತ್ತಲಿಲ್ಲ.