ಮಗಳ ಅರ್ಜಿ

ವಕೀಲರ ಆ ಕಚೇರಿಯಲ್ಲಿ ಅವನ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಇಪ್ಪತ್ತಮೂರು ವರ್ಷ ಗುಮಾಸ್ತನಾಗಿ ಕಾಗದಗಳಿಗೆ ಸೀಲು ಒತ್ತಿ ಒತ್ತಿ ಸೀಲಪ್ಪ ಆಗಿಬಿಟ್ಟಿದ್ದ. ಹೆಬ್ಬೆರಳಿನ ಉಗುರಿನ ಸಂದಿಗೆ ಸೇರಿದ ನೇರಳೆ ಶಾಯಿ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. "ಜಾತ್ರೆಯಂಥ ಗದ್ದಲದಲ್ಲಿ ಕಳೆದುಹೋದ್ರೂ ಬೆರಳು ನೋಡಿ ಹುಡುಕಿಬಿಡ್ತೀನಿ," ಎಂದು ಹೆಂಡತಿ ತಮಾಷೆ ಮಾಡುತ್ತಿದ್ದಳು.

ಹಾಗಾಗಿ ಕಾನೂನು ಓದಿದ ಮಗಳು ಅದೇ ಕಚೇರಿಯ ಟ್ರೇನಿ ಜಾಗಕ್ಕೆ ಅರ್ಜಿ ಹಾಕಿದಾಗ, ತಂದೆಯ ಹೆಸರಿನ ಜಾಗದಲ್ಲಿ ಇದ್ದದ್ದು ಯಾರ ಹೆಸರೆಂದು ಅಲ್ಲಿ ಯಾರಿಗೂ ಹೊಳೆಯುವಂತಿರಲಿಲ್ಲ. ಅವಳಿಗೆ ಬೇಕಾಗಿದ್ದೂ ಅದೇ. ಅದಕ್ಕೆ ಮೊದಲು ಹದಿನಾಲ್ಕು ಕಚೇರಿಗಳಿಗೆ ಬರೆದಿದ್ದಳು. ಒಂಬತ್ತು ಕಡೆಯಿಂದ ಇಲ್ಲ ಎಂದು ಉತ್ತರ ಬಂದಿತ್ತು. ಉಳಿದವರು ಅಷ್ಟು ಹೇಳುವ ಗೋಜಿಗೂ ಹೋಗಿರಲಿಲ್ಲ.

"ಅಪ್ಪಾ, ನೀನು ಯಾರ ಹತ್ರನೂ ತುಟಿ ಪಿಟಕ್ ಅನ್ನಬಾರದು. ಕೆಲಸ ಆದ್ರೆ ನಾನು ಬರೆದಿದ್ದನ್ನ ನೋಡಿ ಆಗಬೇಕು, ನಿನ್ನ ಮುಖ ನೋಡಿ ಅಲ್ಲ."

"ನನ್ನ ಮುಖ ನೋಡಿ ಯಾರು ಏನು ಕೊಟ್ಟಿದಾರೆ ಪುಟ್ಟೀ?" ಎಂದು ಅವನು ನಕ್ಕ. ಮಾತು ಕೊಟ್ಟ.

ಬಂದ ಅರ್ಜಿಗಳನ್ನು ಬಿಚ್ಚಿ, ತಾರೀಖಿನ ಸೀಲು ಒತ್ತಿ, ದೊಡ್ಡ ವಕೀಲರ ಮೇಜಿನ ಮೇಲಿಡುವುದು ಅವನದೇ ಕೆಲಸ. ಮಗಳದು ಕೈಗೆ ಬಂದಾಗ ಒಮ್ಮೆ ಬಾಗಿಲ ಕಡೆ ನೋಡಿ, ನಿಂತಲ್ಲೇ ಓದಿದ. ಅರ್ಜಿಯ ಜೊತೆ ಮಾದರಿ ಬರಹವಾಗಿ ಮನೆ ಖಾಲಿ ಮಾಡಿಸುವ ಮೊಕದ್ದಮೆಯೊಂದರ ಬಗ್ಗೆ ಎರಡು ಪುಟ ಬರೆದಿದ್ದಳು. ವರ್ಷಗಟ್ಟಲೆ ವಕೀಲರ ಬರವಣಿಗೆ ಓದಿ ಪಳಗಿದ ಅವನ ಕಣ್ಣು ಎಲ್ಲೂ ಎಡವಲಿಲ್ಲ. ಸೀಲು ಸೊಟ್ಟಗಾಗದಂತೆ ಒತ್ತಿ, ಕಟ್ಟಿನ ನಡುವೆ ಸೇರಿಸಿದ. ಎಲ್ಲಕ್ಕಿಂತ ಮೇಲೆ ಇಡಬಹುದಿತ್ತು, ಇಡಲಿಲ್ಲ.

ಮೂರು ವಾರವಾದ ಮೇಲೆ ದೊಡ್ಡ ವಕೀಲರು ಒಂದೇ ಒಕ್ಕಣೆಯ ನಲವತ್ತೊಂದು ಕಾಗದ ಅವನ ಕೈಗಿಟ್ಟರು. "ಟ್ರೇನಿಗಳ ಎರಡೂ ಜಾಗ ತುಂಬಿತು. ಇವನ್ನ ಇವತ್ತೇ ಅಂಚೆಗೆ ಹಾಕಿಬಿಡು."

'ವಿಷಾದದಿಂದ ತಿಳಿಸುತ್ತೇವೆ' ಎಂದು ಶುರುವಾಗುವ ಕಾಗದ. ಹದಿನೇಳನೆಯದರ ಮೇಲೆ ಅವನ ಮನೆಯ ವಿಳಾಸವಿತ್ತು.

ನಲವತ್ತು ಅಂಚೆಗೆ ಹೋದವು. ಒಂದು ಮಾತ್ರ ಅವನ ಚೀಲದಲ್ಲಿ, ಊಟದ ಡಬ್ಬಿಯ ಕೆಳಗೆ, ಮೂರು ದಿನ ಮನೆಗೂ ಕಚೇರಿಗೂ ಓಡಾಡಿತು. ಸಂಜೆ ಅವನು ಚಪ್ಪಲಿ ಬಿಡುವಾಗ ಮಗಳು ಬಾಗಿಲಿಗೆ ಬಂದು ಮುಖ ನೋಡಿ ಒಳಗೆ ಹೋಗುತ್ತಿದ್ದಳು.

ನಾಲ್ಕನೆಯ ದಿನ ತಡೆಯಲಾರದೆ ದೊಡ್ಡ ವಕೀಲರ ಮುಂದೆ ಹೋಗಿ ನಿಂತ.

"ಸಾರ್, ಆ ಅರ್ಜಿಗಳಲ್ಲಿ ಒಂದು ನನ್ನ ಮಗಳದು."

ಅವರು ಕನ್ನಡಕ ತೆಗೆದರು. "ಅಯ್ಯೋ ಪುಣ್ಯಾತ್ಮ, ಮೊದಲೇ ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ?"

"ತನ್ನ ಕಾಲ ಮೇಲೆ ತಾನೇ ನಿಲ್ತೀನಿ ಅಂತ ಅವಳ ಹಟ ಸಾರ್. ಏನು ಕಮ್ಮಿಯಾಯ್ತು ಅಂತ ಗೊತ್ತಾದ್ರೆ..."

"ಓದಿದ್ರೆ ತಾನೇ ಕಮ್ಮಿ ಹೆಚ್ಚು? ಒಂದು ನನ್ನ ಷಡ್ಡಕನ ಮಗನಿಗೆ ಹೋಯ್ತು, ಇನ್ನೊಂದು ಜಡ್ಜು ಹೇಳಿಕಳಿಸಿದ ಹುಡುಗಿಗೆ. ಆ ಕಟ್ಟು ಬಿಚ್ಚಲೇ ಇಲ್ಲ ಕಣಯ್ಯ." ಅವರಿಗೆ ನಿಜವಾಗಿ ಬೇಜಾರಾಗಿತ್ತು. "ನೀನು ಹೇಳಿದ್ರೆ ನಾನು ಇಲ್ಲ ಅಂತಿದ್ನಾ?"

ಅದು ಸುಳ್ಳಲ್ಲ ಎಂಬುದೇ ಸೀಲಪ್ಪನ ಎದೆಗೆ ನಾಟಿತು.

ಸಂಜೆ ಕಾಗದವನ್ನು ಮಗಳ ಕೈಗೆ ಕೊಟ್ಟ. ಅವಳು ಓದಿ ಮಡಿಸಿದಳು.

"ನಿಜ ಹೇಳಪ್ಪಾ, ನೀನು ಅವರನ್ನ ಕೇಳಿದ್ಯಾ?"

"ಕೇಳ್ದೆ. ತಪ್ಪಾಯ್ತು."

"ಏನಂದ್ರು? ಓದಿದ್ರಂತಾ?"

"ಓದಿದ್ರಂತೆ. ಚೆನ್ನಾಗಿದೆ ಅಂದ್ರು. ಅನುಭವ ಸಾಲದು, ಅಷ್ಟೇ ಅಂತೆ." ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ. ಬೈಗುಳ ಕಾದಿದೆ ಎಂದುಕೊಂಡಿದ್ದ. ಅವಳ ಮುಖ ಅರಳಿತು.

"ಅನುಭವ ತಾನೇ? ಗಳಿಸಿದ್ರಾಯ್ತು ಬಿಡು."

ಮರುವಾರವೇ ಊರಿನ ಇನ್ನೊಂದು ತುದಿಯಲ್ಲಿ, ಟೈರ್ ಅಂಗಡಿಯ ಮಹಡಿ ಮೇಲಿದ್ದ ಸಣ್ಣ ವಕೀಲರೊಬ್ಬರ ಕಚೇರಿಗೆ ಸಂಬಳವಿಲ್ಲದೆ ಕೆಲಸ ಕಲಿಯಲು ಸೇರಿದಳು. ಎರಡು ಬಸ್ಸು ಬದಲಿಸಿ ಹೋಗಬೇಕು. ಅಲ್ಲಿ ಕಲಿಸಿದ್ದು ಜೆರಾಕ್ಸ್ ಮಾಡುವುದು, ಕಿಟಕಿಯಿಲ್ಲದ ಕೋಣೆಯಲ್ಲಿ ಹಳೆಯ ಫೈಲುಗಳಿಗೆ ದಾರ ಕಟ್ಟುವುದು. ಏಳು ತಿಂಗಳಾಯಿತು. ಧೂಳಿಗೆ ಹಿಡಿದ ಕೆಮ್ಮು ಬಿಡಲೇ ಇಲ್ಲ. "ಬಿಟ್ಟುಬಿಡೇ," ಎಂದು ತಾಯಿ ಗೋಗರೆದರೆ, "ಅನುಭವ ಬೇಕಲ್ಲಮ್ಮಾ," ಎನ್ನುತ್ತಿದ್ದಳು. ಸೀಲಪ್ಪ ಎದ್ದು ಆಚೆ ಹೋಗುತ್ತಿದ್ದ.

ಒಂದು ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ ಅಪ್ಪ ಮಗಳು ಬಟ್ಟೆ ಒಣಹಾಕುತ್ತಿದ್ದರು.

"ನಮ್ಮ ಆಫೀಸಿಗೂ ಟ್ರೇನಿ ಅರ್ಜಿ ಬಂದಿವೆ ಅಪ್ಪಾ. ವಿಂಗಡಿಸೋಕೆ ನನಗೇ ಹೇಳಿದ್ರು. ಯಾರ ಪರವಾಗಿ ಫೋನ್ ಬಂದಿದೆಯೋ ಆ ಮೂರು ತೆಗೆದಿಡು, ಉಳಿದಿದ್ದು ಅಟ್ಟಕ್ಕೆ ಹಾಕು ಅಂದ್ರು."

"ನೀನೇನು ಮಾಡಿದೆ?"

"ಹೇಳಿದ ಹಾಗೆ ಮಾಡ್ದೆ." ಒದ್ದೆ ಟವೆಲನ್ನು ಕೊಡವಿ ತಂತಿಗೆ ಹಾಕಿದಳು. "ನಿಮ್ಮಲ್ಲೂ ಹಾಗೇನಾ?"

ಅವನು ಹಿಂಡಿದ್ದ ಅಂಗಿಯನ್ನೇ ಮತ್ತೊಮ್ಮೆ ಹಿಂಡಿ ಹೂಂ ಎಂದ.

"ಹಾಗಾದ್ರೆ ಅನುಭವ ಸಾಲದು ಅಂದಿದ್ದು ಯಾರು?"

"ನಾನೇ."

ಅವಳು ಬಕೆಟ್ಟು ಖಾಲಿಯಾಗುವವರೆಗೂ ಒಂದೊಂದೇ ಬಟ್ಟೆ ಹಿಂಡಿ ಹಾಕಿದಳು. ಆಮೇಲೆ, ಅವನ ಕಡೆ ನೋಡದೆ ಕೇಳಿದಳು: "ಈಗ ನೀನು ಹೇಳಿದ್ರೆ ನಿಮ್ಮ ಸಾರ್ ಇಲ್ಲ ಅಂತಾರಾ?"

"ಅನ್ನಲ್ಲ."

"ಹಾಗಾದ್ರೆ ಹೇಳು."

ಸೋಮವಾರ ಹೇಳಿದ. ಕಾಲು ಗಂಟೆಯೂ ಹಿಡಿಯಲಿಲ್ಲ. "ಅರ್ಜಿಗಿರ್ಜಿ ಯಾಕೆ, ಮುಂದಿನ ತಿಂಗಳಿಂದ ಬರಹೇಳು," ಎಂದರು ದೊಡ್ಡ ವಕೀಲರು. ಸೀಲಪ್ಪ ಕೈಮುಗಿದು ಹೊರಗೆ ಬಂದ. ಖುಷಿಯ ಸುದ್ದಿಯನ್ನು ಮನೆಗೆ ಹೇಗೆ ಹೇಳಬೇಕೆಂದು ಅವನಿಗೆ ತೋಚಲಿಲ್ಲ.

ಈಗ ಇಬ್ಬರೂ ಒಂದೇ ಬಸ್ಸಿಗೆ ಹೋಗುತ್ತಾರೆ. ಸೀಟು ಸಿಕ್ಕರೆ ಅಕ್ಕಪಕ್ಕ ಕೂರುತ್ತಾರೆ. ಅವಳು ಕಿಟಕಿಯಾಚೆ ನೋಡುತ್ತಿರುತ್ತಾಳೆ. ಇಳಿದ ಮೇಲೆ ಹತ್ತು ಹೆಜ್ಜೆ ಮುಂದೆ ನಡೆದು ಮೆಟ್ಟಿಲು ಹತ್ತಿಬಿಡುತ್ತಾಳೆ. ಅವಳ ಬೆನ್ನು ಮರೆಯಾಗುವವರೆಗೂ ಅವನು ಕೆಳಗೇ ನಿಂತಿರುತ್ತಾನೆ.