ರಿಕಾಬಿಗೆ ಹಿಡಿಯದ ನಿಕ್ಕಲ್

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಜಹೀರಾಬಾದಿನ ಬಜಾರಿನಲ್ಲಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಮರೆಪ್ಪನ ಎದುರಿಗೇ, ಹೈದರಾಬಾದಿನಲ್ಲಿ ಕೆಲಸ ಕಲಿತ ವೈಜಿನಾಥ ಅಂಗಡಿ ತೆರೆದ. ಅಲ್ಲಿ ಬೆಂಕಿಯಿಲ್ಲ, ಹೊಗೆಯಿಲ್ಲ. ಹಸಿರು ನೀರಿನ ತೊಟ್ಟಿಯಲ್ಲಿ ಸಾಮಾನು ತೂಗಿಬಿಟ್ಟು ಬ್ಯಾಟರಿಯ ತಂತಿ ಜೋಡಿಸಿದರೆ, ಹಿತ್ತಾಳೆಯ ಮೇಲೆ ಬೆಳ್ಳಗೆ ನಿಕ್ಕಲ್ ಏರುತ್ತಿತ್ತು.

ಮರೆಪ್ಪನ ಹೆಂಡತಿ ಮೋನಮ್ಮ ಅಲ್ಲಿಂದ ಒಂದು ಲೋಟ ಮಾಡಿಸಿ ತಂದಳು. "ನೋಡ್ರಿ, ಇದ್ರಾಗ ನಮ್ಮ ಮಾರಿ ಹೆಂಗ ಕಾಣತದ! ಆ ಮನಷ್ಯಾನ ಕೈ ಅಂದ್ರ ಕೈ."

ಇಪ್ಪತ್ತು ವರ್ಷದ ಸಂಸಾರದಲ್ಲಿ ಮರೆಪ್ಪನ ಕೈಯ ಬಗ್ಗೆ ಅವಳು ಇಂಥ ಮಾತು ಆಡಿರಲಿಲ್ಲ. ಅವತ್ತು ಅವನಿಗೆ ಊಟ ಸೇರಲಿಲ್ಲ.

ನಾರಾಯಣಖೇಡದ ಕಡೆಯ ದೇಶಮುಖರೊಬ್ಬರು ಮಗನ ಮದುವೆಯ ಕುದುರೆಗೆಂದು ಎರಡು ಹಿತ್ತಾಳೆ ರಿಕಾಬುಗಳನ್ನು, ಅಂದರೆ ಸವಾರ ಕಾಲಿಡುವ ಬಳೆಗಳನ್ನು, ವೈಜಿನಾಥನಿಗೆ ಕೊಟ್ಟರು. ಅವನ್ನು ಉಜ್ಜಿ ತೊಳೆದು ಹಲಗೆಯ ಮೇಲಿಟ್ಟು ವೈಜಿನಾಥ ಬಾವಿಗೆ ಹೋದ. ಮರೆಪ್ಪ ರಸ್ತೆ ದಾಟಿ ಬಂದ. ತಲೆಗೂದಲಿನ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ರಿಕಾಬುಗಳ ಮೇಲೆಲ್ಲ ಸವರಿ, ತನ್ನ ಜಾಗಕ್ಕೆ ಹೋಗಿ ಕೂತ. ಜಿಡ್ಡಿನ ಮೇಲೆ ಯಾವ ಲೋಹವೂ ಹಿಡಿಯುವುದಿಲ್ಲವೆಂಬುದು ಕಲಾಯಿಯವನಿಗೆ ಗೊತ್ತು.

ವೈಜಿನಾಥ ಬಂದು ಅವನ್ನು ಹಾಗೇ ತೊಟ್ಟಿಗಿಳಿಸಿದ; ನಿಕ್ಕಲ್ ಸಿಪ್ಪೆಯಂತೆ ಎದ್ದು ಬಂತು. ದೇಶಮುಖರ ಆಳು ಬಜಾರಿಗೆಲ್ಲ ಕೇಳುವಂತೆ ಬೈದು ಹೋದ. ಮರೆಪ್ಪ ತಿದಿ ಒತ್ತುವುದನ್ನು ನಿಲ್ಲಿಸಿ ಒಂದೊಂದು ಬೈಗುಳವನ್ನೂ ಕೇಳಿಸಿಕೊಂಡ.

ಸಂಜೆ ವೈಜಿನಾಥ ಅವನ ಬಳಿಗೇ ಬಂದ. "ಅಣ್ಣಾ, ತಪ್ಪು ಎಲ್ಲಿ ಅದ ಗೊತ್ತಾಗವಲ್ದು. ಸಾಫ್ ಮಾಡೋದ್ರಾಗ ನಿನ್ನಂಥ ಕೈ ಇಲ್ಲ. ಒಂದ್ಸಲ ನೀ ತಿಕ್ಕಿ ಕೊಡ್ತಿ?"

ಮರೆಪ್ಪನಿಗೆ ಇಲ್ಲ ಎನ್ನಲಾಗಲಿಲ್ಲ. ಹುಣಸೆಹುಳಿ, ಬೂದಿ ಹಾಕಿ ಉಗುರು ಸವೆಯುವಂತೆ ತಿಕ್ಕಿದ. ಈ ಸಲ ನಿಕ್ಕಲ್ ಎಲ್ಲೂ ಬಿಡದೆ ಕೂತಿತು. ದೇಶಮುಖರೇ ಬಂದು ಹೊಗಳಿದಾಗ ವೈಜಿನಾಥ ಎದುರಿಗೆ ಕೈ ತೋರಿಸಿ, "ಇದು ಮರೆಪ್ಪಣ್ಣನ ಕೆಲಸರಿ," ಎಂದ.

ಆ ಮಾತು ಮರೆಪ್ಪನನ್ನು ಸುಟ್ಟಿತು. ದೊಡ್ಡತನದಲ್ಲೂ ಇವನೇ ಮೇಲೆ! ದೇಶಮುಖರು ಹೋದದ್ದೇ ಹೇಳಿಬಿಟ್ಟ: "ಮೊದಲ ಸಲ ಎಣ್ಣಿ ಹಚ್ಚಿದಂವ ನಾನೇ."

ವೈಜಿನಾಥ ಅವನನ್ನೇ ನೋಡಿದ. "ಯಾಕಣ್ಣಾ?"

"ನಿನ್ನ ಕೆಲಸ ಭಾಳ ಚಂದ ಅದ. ಅದಕ್ಕ."

ಆಮೇಲೆ ಅವರಿಬ್ಬರಲ್ಲಿ ಮಾತು ನಿಂತಿತು. ತಿಂಗಳೊಳಗೆ ವೈಜಿನಾಥ ತೊಟ್ಟಿ, ಬ್ಯಾಟರಿ ಗಾಡಿಗೆ ಹೇರಿ ತಾಂಡೂರಿಗೆ ಹೋದ. ಸಂಗತಿ ತಿಳಿದ ಮೋನಮ್ಮ ಗಂಡನ ಮುಖ ನೋಡದೆ ಬಹಳ ದಿನ ಕಳೆದಳು.

ತಾಂಡೂರಿನಿಂದ ಯಾರೇ ಬರಲಿ, ಮರೆಪ್ಪ ಕೂರಿಸಿ ಕೇಳುತ್ತಿದ್ದ: "ವೈಜಿನಾಥ ಹೆಂಗ ಹಾನ? ಕೆಲಸ ನಡದಾದ?"

ಚೆನ್ನಾಗಿ ನಡೆದಿದೆ ಎಂದರೆ ಅವನ ಮುಖ ಸಣ್ಣದಾಗುತ್ತಿತ್ತು. ಆದರೂ ಮುಂದೆ ಬಂದವರನ್ನೂ ಕೇಳದೆ ಬಿಡುತ್ತಿರಲಿಲ್ಲ.